ಅಕ್ಕ ಬರೆದುಕೊಂಡ ಆಳ

ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಎಂಬ ಗಾದೆ ತನ್ನ ತಮ್ಮನನ್ನು ನೋಡಿಯೇ ಹುಟ್ಟಿದ್ದೆಂದು ಟೈಲರ್ ಅಕ್ಕನಿಗೆ ಬಲವಾದ ಗುಮಾನಿ. ತಮ್ಮ ಪೇಟೆಯಲ್ಲಿ ಕಟಿಂಗ್ ಶಾಪ್ ಇಟ್ಟವನು. ವಾರವಿಡೀ ಊರವರ ತಲೆ ಅವನ ಕೈಗೆ ಸಿಗುತ್ತಿತ್ತು, ರಜೆಯ ದಿನ ಮಾತ್ರ ಅವನ ತಲೆ ಯಾರ ಕೈಗೂ ಸಿಗುತ್ತಿರಲಿಲ್ಲ.

ಸರೋವರದ ದಂಡೆಯ ಕಡಿದಾದ ಬಂಡೆಗಳನ್ನು ಹಗ್ಗವಿಲ್ಲದೆ ಬರಿಗೈಯಲ್ಲಿ ಹತ್ತುವುದು ಅವನ ಹುಚ್ಚು. ಕೈ ಜಾರಿದರೆ ಕೆಳಗೆ ನೀರಿದೆ, ನೀರೇ ಹಾಸಿಗೆ ಎನ್ನುತ್ತಿದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ, ಹೋದ ವರ್ಷ ಆಳವಿಲ್ಲದ ಕಡೆ ಬಿದ್ದು ಹಿಮ್ಮಡಿ ಮುರಿದುಕೊಂಡ. ಎರಡು ತಿಂಗಳು ಪ್ಲಾಸ್ಟರ್ ಕಾಲು ಚಾಚಿಕೊಂಡು ಅಕ್ಕನ ಹೊಲಿಗೆ ಕೋಣೆಯಲ್ಲೇ ಮಲಗಿದ್ದ. ಅವನನ್ನು ಹೆಗಲಿಗೆ ಆನಿಸಿಕೊಂಡು ಬಚ್ಚಲಿಗೂ ಮಂಚಕ್ಕೂ ನಡೆಸಿ ನಡೆಸಿ ತನ್ನ ಬಲಭುಜ ಒಂದಿಂಚು ಇಳಿದಿದೆ ಎಂದು ಅಕ್ಕ ಟೇಪು ಹಿಡಿದು ತೋರಿಸುತ್ತಿದ್ದಳು.

ಕಾಲು ನೆಟ್ಟಗಾದ ಮೇಲೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ನಾಲ್ಕು ರಜೆಯ ದಿನ ದೋಣಿಯಲ್ಲಿ ಹೋಗಿ ಹೊಸ ಜಾಗ ಹುಡುಕುವುದು. ಬಂಡೆ ನೋಡುವವನು ತಮ್ಮ, ಆಳ ಅಳೆಯುವವಳು ಅಕ್ಕ. ಹನ್ನೆರಡು ಅಡಿ ಇದ್ದರೆ ಹತ್ತಬಹುದು. ನಾಲ್ಕನೇ ದಿನವೂ ಸಿಗದಿದ್ದರೆ ಹತ್ತುವ ಬೂಟು ಅಟ್ಟ ಸೇರಬೇಕು, ಮತ್ತೆ ಬಂಡೆಯ ಹೆಸರೆತ್ತಬಾರದು. ತಮ್ಮ ಮಾತು ಕೊಟ್ಟ. ಕೊಟ್ಟ ಮಾತಿಗೆ ತಪ್ಪದ ಗುಣವೊಂದು ಅವನಿಗೆ ಎಲ್ಲಿಂದಲೋ ಅಂಟಿಕೊಂಡಿತ್ತು.

ಅಳತೆಯ ಹಗ್ಗ ಅಕ್ಕನದೇ ಕೈಕೆಲಸ. ಅಡಿಗೊಂದು ಕೆಂಪು ದಾರದ ಹೊಲಿಗೆ, ತುದಿಯಲ್ಲಿ ಭಾರಕ್ಕೆಂದು ಸುಟ್ಟುಹೋದ ಇಸ್ತ್ರಿಪೆಟ್ಟಿಗೆ. ತಮ್ಮ ಮೊದಲು ಬಂಡೆ ನೀರಿನ ಕಡೆಗೆ ಬಾಗಿದೆಯೇ ಎಂದು ನೋಡುತ್ತಿದ್ದ, ಬಾಗಿದ್ದರೆ ತಾನೇ ಬೀಳುವವನು ಬಂಡೆಗೆ ಉಜ್ಜದೆ ನೀರಿಗೆ ಬೀಳುವುದು. ಆಮೇಲೆ ಈಜು ಕನ್ನಡಕ ಹಾಕಿ ಮುಳುಗಿ, ಅಡಿಯಲ್ಲಿ ಕಲ್ಲು ಅಡಗಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಕೊನೆಗೆ ಅಕ್ಕ ಇಸ್ತ್ರಿಪೆಟ್ಟಿಗೆ ಇಳಿಬಿಟ್ಟು, ತಳ ಮುಟ್ಟಿದೊಡನೆ ಹೊಲಿಗೆ ಎಣಿಸಿ, ತನ್ನ ಆರ್ಡರ್ ಪುಸ್ತಕದಲ್ಲಿ ಬರೆದುಕೊಳ್ಳುವಳು. ಗಿರಾಕಿಗಳ ಸೊಂಟ, ತೋಳುಗಳ ನಡುವೆ 'ಗೂನುಬೆನ್ನು', 'ಬೊಜ್ಜು', 'ಕಾಲರ್ ಇಲ್ಲದ್ದು' ಎಂಬ ಬಂಡೆಗಳೂ ಸೇರಿಕೊಂಡವು.

ಗೂನುಬೆನ್ನಿಗೆ ಹತ್ತೂವರೆ, ಬೊಜ್ಜಿಗೆ ಹನ್ನೊಂದು. ಹೀಗೆ ಅಳೆದೂ ಸುರಿದೂ ಮೂರು ದಿನಕ್ಕೆ ಎಂಟು ಬಂಡೆ, ಎಂಟೂ ಫೇಲು.

ಅಕ್ಕ ಹೇಳುತ್ತಿದ್ದದ್ದು ಸುಳ್ಳೆಂದರೆ ತಪ್ಪಾದೀತು, ನಿಜವೆಂದರೂ ತಪ್ಪಾದೀತು. ಹೊಸ ಬಟ್ಟೆ ಒಗೆದರೆ ಕುಗ್ಗುತ್ತದೆ, ಹೊಲಿಯುವವಳು ಅದನ್ನು ಮೊದಲೇ ಲೆಕ್ಕ ಹಿಡಿಯಬೇಕು. ಸರೋವರವೂ ಬೇಸಿಗೆಗೆ ಕುಗ್ಗುತ್ತದಲ್ಲ? ಮೊದಲ ಬಂಡೆಯ ಹತ್ತಿರ ಹಗ್ಗ ಹನ್ನೆರಡೂವರೆ ತೋರಿಸಿದಾಗ, ಇಪ್ಪತ್ತು ವರ್ಷ ಪಳಗಿದ ಕೈ ಕುಗ್ಗುವ ಪಾಲು ಎರಡಡಿ ಕಳೆದು ತಾನಾಗಿಯೇ ಬರೆದುಬಿಟ್ಟಿತು. ಎರಡನೆಯದರಲ್ಲಿ ಅದು ಕೈಯ ಕೆಲಸವಾಗಿ ಉಳಿದಿರಲಿಲ್ಲ. ಐದನೆಯದರ ಹೊತ್ತಿಗೆ ಕುಗ್ಗುವ ಪಾಲು ಮೂರಡಿ ದಾಟಿತ್ತು. ಅಷ್ಟು ಕುಗ್ಗುವ ಬಟ್ಟೆಯನ್ನು ಯಾವ ಅಂಗಡಿಯವನೂ ಮಾರುವುದಿಲ್ಲ. ಅವಳಿಗೆ ಹೆದರಿಕೆ, ಅಷ್ಟೇ. ಇವನು ಇನ್ನೊಮ್ಮೆ ಮುರಿದುಕೊಂಡರೆ ಹಿಮ್ಮಡಿಯೇ ಆಗಿರುತ್ತದೆಂದು ಯಾರು ಹೇಳಬಲ್ಲರು?

ನಾಲ್ಕನೇ ದಿನ ಒಂಬತ್ತನೇ ಬಂಡೆ ಸಿಕ್ಕಿತು. ಜೊಂಡು ಸರಿಸಿ ದೋಣಿ ನುಗ್ಗಿಸಿದರೆ ಒಳಗೆ ಕಪ್ಪು ಗೋಡೆಯಂಥ ಬಂಡೆ, ಮೂರಾಳು ಎತ್ತರ, ನೀರಿನ ಕಡೆಗೆ ಚೆನ್ನಾಗಿ ಬಾಗಿತ್ತು. ತಮ್ಮ ಮುಳುಗಿ ನೋಡಿ ಬಂದವನೇ ಬೂಟು ಹಾಕಿಕೊಂಡು ಕಾಯುತ್ತ ಕೂತ.

ಇಸ್ತ್ರಿಪೆಟ್ಟಿಗೆ ಇಳಿಯಿತು, ಇಳಿಯುತ್ತಲೇ ಇತ್ತು. ಹದಿನಾರನೇ ಹೊಲಿಗೆಗೆ ತಳ ಸಿಕ್ಕಿತು. ಮೂರು ಕಳೆದರೂ ಹದಿಮೂರು ಉಳಿಯುತ್ತದೆ.

"ಹನ್ನೊಂದೂವರೆ," ಅಂದಳು.

ತಮ್ಮ ಜಗಳಕ್ಕೆ ಬರುತ್ತಾನೆಂದು ಅವಳು ಸೆರಗು ಬಿಗಿದೇ ಕೂತಿದ್ದಳು. ಅವನು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ.

"ಆಯ್ತು ಬಿಡಕ್ಕ. ನಡಿ, ಮನೆಗೆ ಹೋಗೋಣ."

ಅಕ್ಕ ಗೆದ್ದಿದ್ದಳು. ಗೆದ್ದವಳಿಗೆ ನೆಮ್ಮದಿ ಬರಬೇಕಿತ್ತು, ಬರಲಿಲ್ಲ. ಒದ್ದೆ ಹಗ್ಗವನ್ನು ಸುಮ್ಮನೆ ಸುತ್ತುತ್ತಿದ್ದ ಅವನ ಕೈಗಳನ್ನು ಅವಳಿಂದ ನೋಡಲಾಗಲಿಲ್ಲ.

"ಹದಿನಾರಿದೆ ಕಣೋ," ಅಂದಳು. "ನಾನು ಕಳೆದು ಹೇಳಿದೆ. ಎಲ್ಲದರಲ್ಲೂ ಕಳೆದಿದೀನಿ."

"ಗೊತ್ತು."

"ಏನು ಗೊತ್ತು?"

"ಮೊದಲನೇ ದಿನಾನೇ ಗೊತ್ತಾಯ್ತು. ಹೊಲಿಗೆ ಎಣಿಸೋಕೆ ನಂಗೂ ಬರುತ್ತೆ."

"ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ದೆ?"

ತಮ್ಮ ಹಗ್ಗ ಕೆಳಗಿಟ್ಟ. "ಎರಡು ತಿಂಗಳು ನನ್ನ ಹೊತ್ತವಳು ನೀನು. ಹೆದರ್ಕೊಳ್ಳೋ ಹಕ್ಕು ನಿಂಗಿದೆ ಅನ್ನಿಸ್ತು. ಅದಕ್ಕೇ, ನೀನು ಎಷ್ಟು ಕಳೆದ್ರೂ ಹನ್ನೆರಡು ಉಳಿಯೋ ಜಾಗ ಹುಡುಕ್ತಾ ಇದ್ದೆ. ಇದು ಸಿಕ್ತು ಅಂದ್ಕೊಂಡ್ರೆ, ನೀನು ಒಂದೇ ಏಟಿಗೆ ನಾಲ್ಕೂವರೆ ಅಡಿ ನುಂಗಿಬಿಟ್ಟೆ."

ಅಕ್ಕನಿಗೆ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡು, "ಬೇಸಿಗೆಗೆ ನೀರು ಇಳಿಯುತ್ತೆ ಕಣೋ," ಅಂದಳು, ಬಿಟ್ಟುಕೊಡಲು ಮನಸ್ಸಿಲ್ಲದೆ.

"ಇಳೀಲಿ. ಆಗ ಬಂದು ಮತ್ತೆ ಅಳತೆ ಮಾಡು. ಆಗಲೂ ನಾನು ನಿನ್ನ ಮಾತೇ ಕೇಳ್ತೀನಿ."

"ಲೇಸು ಕಟ್ಟು," ಅಂದಳು ಅಕ್ಕ. ಪುಸ್ತಕ ತೆಗೆದು ಹದಿನಾರು ಎಂದು ಬರೆದಳು.

ಅವನು ಹತ್ತಿದ. ಮುಕ್ಕಾಲು ಭಾಗದಲ್ಲಿ ಎಡಗೈ ಜಾರಿತು. ಅಕ್ಕ ಕಣ್ಣು ಮುಚ್ಚಿಬಿಟ್ಟಳು. ಧುಡುಮ್ಮೆಂಬ ಸದ್ದು ಬಂತು, ದೋಣಿ ತೂಗಿತು, ಆಮೇಲೆ ಏನೂ ಕೇಳಿಸಲಿಲ್ಲ. ಆ ಏನೂ ಕೇಳಿಸದ ಹೊತ್ತಿನಲ್ಲಿ ಅವಳು ತಿಳಿದ ದೇವರನ್ನೆಲ್ಲ ಕರೆದಳು, ತಮ್ಮನನ್ನು ತಿಳಿದ ಮಾತಿನಲ್ಲೆಲ್ಲ ಬೈದಳು. ಅಷ್ಟರಲ್ಲಿ ಅವನು ಉಸ್ಸೆಂದು ತಲೆಯೆತ್ತಿ ದೋಣಿಯ ಅಂಚು ಹಿಡಿದ.

"ಅಕ್ಕ, ಕಾಲಿಗೆ ತಳವೇ ಸಿಗ್ಲಿಲ್ಲ. ಇನ್ನೊಂದೇ ಒಂದ್ಸಲ?"

ಬೇಡವೆನ್ನಲು ಬಾಯಿ ತೆರೆದಳು. ಬಂದದ್ದು ಬೇರೆಯೇ ಮಾತು. "ಎಡಗಡೆ ಬಿರುಕಿದೆ ನೋಡು, ಅಲ್ಲಿ ಬೆರಳು ತೂರಿಸು. ಆಗಲೇ ಅಲ್ಲೇ ಕೈ ಹಾಕಿದ್ರೆ ಜಾರ್ತಿರ್ಲಿಲ್ಲ."

ಎರಡನೇ ಸಲವೂ ಅವನು ಬಿದ್ದ. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ.