ಆಚೆ ಬದಿಯ ಬಾಗಿಲು

ದಯಾನಂದನಿಗೆ ಆ ನಾಯಿ ಸಿಕ್ಕಿದ್ದು ರಾಮಗಿರಿ ಸ್ಟೇಷನ್ನಿನಿಂದ ಎರಡೂವರೆ ಕಿಲೋಮೀಟರ್ ಆಚೆ, ಹಳಿಯ ಪಕ್ಕದ ಜಲ್ಲಿಯ ಮೇಲೆ. ಅವನು ರೈಲ್ವೆಯಲ್ಲಿ ಕೀಮನ್. ದಿನಾ ಬೆಳಗ್ಗೆ ಸುತ್ತಿಗೆ, ಸ್ಪ್ಯಾನರು, ಎರಡು ಬಾವುಟ ಹಿಡಿದುಕೊಂಡು ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು, ಸಡಿಲಾದ ಕ್ಲಿಪ್ಪುಗಳನ್ನು ಬಡಿದು ಕೂರಿಸುವುದು ಅವನ ಕೆಲಸ. ಹಳಿಯ ಮೇಲೆ ಸತ್ತ ನಾಯಿ, ಕುರಿ, ನವಿಲು ಅವನಿಗೆ ಹೊಸತಲ್ಲ. ಇದನ್ನೂ ಸತ್ತಿದೆ ಎಂದೇ ತಿಳಿದು ಪಕ್ಕಕ್ಕೆ ಎಳೆಯಲು ಬಗ್ಗಿದ. ಅದು ಕಣ್ಣು ಬಿಟ್ಟು ಅವನನ್ನು ನೋಡಿತು.

ಡ್ಯೂಟಿ ಮುಗಿದ ಮೇಲೆ ಗೋಣಿಚೀಲದಲ್ಲಿ ಸುತ್ತಿ, ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು ಹೊಳಲ್ಕೆರೆಗೆ ಹೋದ. ಅಲ್ಲಿ ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದ ಪಶುವೈದ್ಯೆ ಶಾಲಿನಿ, ಗಾಯಗೊಂಡ ಬೀದಿನಾಯಿಗಳಿಗೆ ಮನೆ ಹುಡುಕಿ ಕೊಡುತ್ತಾಳೆಂದು ಕೇಳಿದ್ದ. ಆಕೆ ಹಿಂಗಾಲಿಗೆ ಬ್ಯಾಂಡೇಜು ಸುತ್ತಿ ಕೈ ತೊಳೆದುಕೊಳ್ಳುತ್ತಾ ಹೇಳಿದಳು:

“ಮೂಳೆ ಕೂಡ್ಕಳಾಕೆ ಆರು ವಾರ ಬೇಕು. ನನ್ ಹತ್ರ ಜಾಗ ಇಲ್ಲ. ನೀವೇ ಇಟ್ಕಳ್ರಿ. ಅಷ್ಟ್ರೊಳಗೆ ಯಾರಾದ್ರೂ ಸಾಕೋರ್ನ ಹುಡುಕ್ತೀನಿ.”

“ನಂಗೆ ನಾಯಿ ಸಾಕಿ ಗೊತ್ತಿಲ್ಲ ಮೇಡಂ.”

“ಅದಕ್ಕೆ ಮನುಷ್ಯರ ಜೊತೆ ಇದ್ದು ಗೊತ್ತೈತೋ ಇಲ್ವೋ. ಇಬ್ರೂ ಕಲೀರಿ. ಒಂದೇ ಮಾತು, ಹೆಸರಿಡಾಕೆ ಹೋಗ್ಬ್ಯಾಡ್ರಿ. ಒಯ್ಯೋರು ಇಟ್ಕಳ್ತಾರೆ. ಹೆಸರಿಟ್ರೆ ಕೊಡಾಕೆ ಕಷ್ಟ ಆಗ್ತೈತೆ.”

ದಯಾನಂದನಿಗೆ ನಲವತ್ತನಾಲ್ಕು ವರ್ಷ. ಹುಟ್ಟಿದ್ದು ಹಿರಿಯೂರಿನ ಕಡೆ, ಧರ್ಮಪುರದಲ್ಲಿ. ರಾಮಗಿರಿಯ ಕ್ವಾರ್ಟರ್ಸಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಹೆಂಡತಿ ರೇಣುಕಾ ಮೊದಲ ನಾಲ್ಕು ವರ್ಷ ಅಲ್ಲೇ ಇದ್ದಳು. ಜಗಳವೇನೂ ಆಗಿರಲಿಲ್ಲ. ಒಂದು ದಿನ ಊಟಕ್ಕೆ ಬಡಿಸುತ್ತಾ, “ನಿಮ್ ಜೊತೆ ಇರೋದೂ ಒಂದೇ, ಒಬ್ಳೇ ಇರೋದೂ ಒಂದೇ,” ಎಂದಳು. ಅದಕ್ಕೇನು ಉತ್ತರ ಕೊಡಬೇಕೆಂದು ಅವನು ಯೋಚಿಸುತ್ತಲೇ ಇದ್ದ. ಅವಳು ತವರಿಗೆ ಹೋದಳು, ವಿಚ್ಛೇದನವಾಯಿತು. ಬೇರೆ ಮದುವೆಯಾಗಿ ಹಿರಿಯೂರಿನಲ್ಲಿದ್ದಾಳೆಂದು ಯಾರೋ ಹೇಳಿದರು.

ನಾಯಿಗೆ ಅವನು ಹೆಸರಿಡಲಿಲ್ಲ. ‘ಲೇ’ ಎನ್ನುತ್ತಿದ್ದ. ಮೊದಲ ವಾರ ಅದು ಮಂಚದ ಕೆಳಗಿಂದ ಹೊರಗೇ ಬರಲಿಲ್ಲ. ಗೂಡ್ಸ್ ಗಾಡಿ ಹಾದುಹೋಗುವಾಗ ಗೋಡೆ ಅದುರುತ್ತಿತ್ತು, ಅದರ ಜೊತೆ ನಾಯಿಯೂ ಅದುರುತ್ತಿತ್ತು. ದಯಾನಂದ ನೆಲದ ಮೇಲೆ ಬೋರಲು ಮಲಗಿ, ಮಂಚದ ಕೆಳಕ್ಕೆ ಕೈ ಚಾಚಿ, ಅದರ ಎದೆಯ ಮೇಲೆ ಅಂಗೈ ಊರುತ್ತಿದ್ದ. ಸುಮ್ಮನೆ ಕೈ ಇಟ್ಟರೆ ಸಾಲದು, ಮಾತಾಡಬೇಕು ಎಂದು ಎರಡನೆಯ ದಿನವೇ ಗೊತ್ತಾಯಿತು. ಏನು ಮಾತಾಡುವುದು? “ಇದು ಗೂಡ್ಸು ಕಣಲೇ. ಅದಿರು ತಗಂಡು ಹೋಗ್ತೈತೆ. ಐವತ್ತೆಂಟು ಡಬ್ಬಿ. ಈಗ ಅರ್ಧ ಹೋತು. ಇನ್ನೇನು ಗಾರ್ಡ್ ಡಬ್ಬಿ ಬಂತು ನೋಡು,” ಎನ್ನುತ್ತಿದ್ದ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸುತ್ತಿತ್ತು.

ಮೂರನೇ ವಾರದಲ್ಲಿ ಅದು ಬಾಗಿಲಿಗೆ ಬಂದು ಕಾಯತೊಡಗಿತು. ಅವನು ಮುದ್ದೆ ಮುರಿದು ಹಾಲಿಗೆ ಹಾಕುವಷ್ಟರಲ್ಲಿ ತಟ್ಟೆಗೆ ಮೂತಿ ತೂರಿಸುತ್ತಿತ್ತು. ಅವನು ಆ ದಿನ ಕಂಡದ್ದನ್ನೆಲ್ಲ ಹೇಳುತ್ತಿದ್ದ. ಇಂತಲ್ಲಿ ಕ್ಲಿಪ್ಪು ಬಿದ್ದಿತ್ತು, ಗುಡ್ಡದ ಕಡೆ ಕುರಿ ಕಾಯುವವರು ಬೀಡಿ ಕೇಳಿದರು, ಮಳೆ ಬರುವಂತಿತ್ತು, ಬರಲಿಲ್ಲ. ನಾಯಿ ಒಂದು ಕಿವಿ ನಿಮಿರಿಸಿ ಕೇಳುತ್ತಿತ್ತು. ಬ್ಯಾಂಡೇಜು ಬಿಚ್ಚುವ ದಿನ ಶಾಲಿನಿ, “ಕಾಲು ಸ್ವಲ್ಪ ಕುಂಟು ಉಳಿತೈತೆ. ಬೇರೆ ಯಾರೂ ಇನ್ನಾ ಸಿಕ್ಕಿಲ್ಲ. ನೀವೇ ಇಟ್ಕಳ್ಳಂಗಿದ್ರೆ ಹೇಳ್ರಿ,” ಎಂದಾಗ, ಅವನು ಸೋಮವಾರ ಹೇಳುತ್ತೇನೆಂದ. ಅವನ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಹೇಳಿಬಿಡಲು ನಾಚಿಕೆಯಾಯಿತು, ಅಷ್ಟೆ.

ಆದರೆ ಶನಿವಾರ ಬೆಳಗ್ಗೆ, ಗುಡ್ಡದ ಪಕ್ಕದ ತಿರುವಿನಲ್ಲಿ ಅವನು ಕ್ಲಿಪ್ಪು ಬಡಿಯುತ್ತಿದ್ದಾಗ, ದೂರದಲ್ಲಿ ಎಕ್ಸ್‌ಪ್ರೆಸ್ ಗಾಡಿಯ ಸೀಟಿ ಕೇಳಿತು. ಹಳಿ ಬಿಟ್ಟು ಪಕ್ಕಕ್ಕೆ ಸರಿದು ನೋಡಿದ. ಎರಡು ಹಳಿಗಳ ನಡುವೆ, ಕುಂಟುತ್ತಾ, ನಾಲಿಗೆ ಚಾಚಿಕೊಂಡು ನಾಯಿ ಬರುತ್ತಿತ್ತು. ಕತ್ತಿನಲ್ಲಿ ಕಡಿದ ಹಗ್ಗದ ತುಂಡು. ಎರಡು ಕಿಲೋಮೀಟರ್ ವಾಸನೆ ಹಿಡಿದು ಬಂದಿತ್ತು.

“ಹೋಗಲೇ! ಕೆಳಕ್ಕೆ ಹೋಗು!” ಎಂದು ಕೂಗಿದ. ಅವನ ದನಿ ಕೇಳಿ ಅದಕ್ಕೆ ಖುಷಿಯಾಯಿತು. ಇನ್ನೂ ಜೋರಾಗಿ ಹಳಿಯ ನಡುವೆಯೇ ಓಡಿಬಂತು. ಅದರ ಬೆನ್ನ ಹಿಂದೆ, ತಿರುವಿನಲ್ಲಿ, ಇಂಜಿನ್ನಿನ ಮುಖ ಕಾಣಿಸಿತು. ಕೂಗಿದರೆ ಅದು ನಿಲ್ಲುವುದಿಲ್ಲ, ತಾನೆಲ್ಲಿದ್ದರೆ ಅಲ್ಲಿಗೆ ಬರುತ್ತದೆ ಎಂದು ಆ ಕ್ಷಣದಲ್ಲಿ ಹೊಳೆಯಿತು. ಸುತ್ತಿಗೆ ಬಿಸಾಡಿ, ನಾಯಿಗೆ ಬೆನ್ನು ಹಾಕಿ, ಏರಿಯ ಇಳಿಜಾರಿನಲ್ಲಿ ಕೆಳಕ್ಕೆ ಓಡಿದ. ಜಲ್ಲಿ ಜಾರಿ ಬಿದ್ದ, ಎದ್ದು ಮತ್ತೆ ಓಡಿದ, ಜಾಲಿ ಮುಳ್ಳಿಗೆ ಸಿಕ್ಕಿ ನಿಂತ. ಮೇಲೆ ಗಾಡಿ ಅಬ್ಬರಿಸುತ್ತಾ ಹೋಗುತ್ತಿತ್ತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಆಗ ಮೊಣಕಾಲಿನ ಹಿಂದೆ ಒದ್ದೆ ಮೂಗು ತಾಗಿತು.

ಹೊಡೆಯಬೇಕೆಂದು ಕೈ ಎತ್ತಿದ. ಅದು ಬಾಲ ಆಡಿಸುತ್ತಾ ನಿಂತಿತ್ತು. ಕೈ ಹಾಗೆಯೇ ಕೆಳಗಿಳಿಯಿತು.

ಮರುದಿನದಿಂದ ಮನೆಯೊಳಗೆ ಕೂಡಿ ಬೀಗ ಹಾಕಿ ಹೋದ. ಎರಡು ದಿನ. ಎರಡನೇ ದಿನ ಬಂದು ನೋಡಿದರೆ ಬಾಗಿಲಿನ ಮರದ ತುಂಬ ಗೀರು, ನಾಯಿಯ ಮುಂಗಾಲಿನ ಉಗುರು ಕಿತ್ತು ರಕ್ತ. ಅಂದು ಸಂಜೆ ಶಾಲಿನಿಗೆ ಫೋನ್ ಮಾಡಿದ.

“ಯಾರಾದ್ರೂ ಇದ್ರೆ ನೋಡ್ರಿ ಮೇಡಂ. ಹಳಿ ಇಲ್ಲದಿರೋ ಊರಾಗೆ.”

“ನೀವೇ ಇಟ್ಕಳ್ತೀರಿ ಅನ್ಕಂಡಿದ್ದೆ.”

“ನನ್ ಹತ್ರ ಇದ್ರೆ ಸಾಯ್ತೈತೆ.”

ಶಾಲಿನಿ ಹುಡುಕಿದ ಗೋವಿಂದಪ್ಪ ಮತ್ತು ಅವನ ಮಗಳು ಚೈತ್ರಾ ಹೊಸದುರ್ಗ ತಾಲೂಕಿನ ಬಾಗೂರಿನಿಂದ ದಯಾನಂದನ ಕ್ವಾರ್ಟರ್ಸಿಗೆ ಬಂದದ್ದು ಆಗಸ್ಟಿನ ಒಂದು ಭಾನುವಾರ. ಗೋವಿಂದಪ್ಪ ಇಪ್ಪತ್ತು ವರ್ಷ ಲಾರಿ ಓಡಿಸಿ ಈಗ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದ. ಚೈತ್ರಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹಳೆಯ ಓಮ್ನಿ ವ್ಯಾನಿನ ಹಿಂದಿನ ಸೀಟಿಗೆ ಕಂಬಳಿ ಹಾಸಿಕೊಂಡು ಬಂದಿದ್ದರು. ಆ ಕಂಬಳಿ ನೋಡಿ ದಯಾನಂದನಿಗೆ ಸಮಾಧಾನವಾಯಿತು.

“ಏನ್ ತಿಂತೈತ್ರಿ?” ಎಂದು ಚೈತ್ರಾ ಕೇಳಿದಳು.

ದಯಾನಂದ ಹೇಳುತ್ತಾ ಹೋದ. ಮುದ್ದೆಗೆ ಹಾಲು ಬೆರೆಸಬೇಕು, ಮೊಸರು ಬೇಡ. ಎಡಗಿವಿಯ ಹಿಂದೆ ಕೆರೆದರೆ ಕಣ್ಣು ಮುಚ್ಚುತ್ತದೆ. ಪೊರಕೆ ಎತ್ತಿದರೆ ಹೆದರುತ್ತದೆ, ಅದರ ಮುಂದೆ ಕಸ ಗುಡಿಸಬಾರದು. ಚಳಿಗೆ ಆ ಕಾಲು ನೋಯುತ್ತದೆ, ಬಿಸಿ ಬಟ್ಟೆಯ ಶಾಖ ಕೊಡಬೇಕು. ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅರಿವಾಗಿ ತಟ್ಟನೆ ನಿಲ್ಲಿಸಿದ.

“ಕುಂಟು ಐತಲ್ಲ, ನಿಮಗೆ ಬೇಜಾರಿಲ್ವೇನ್ರಿ?” ಎಂದ ಕೊನೆಗೆ.

“ನಮ್ಮಪ್ಪಂಗೂ ಮಂಡಿ ನೋವು. ಇಬ್ರೂ ಒಂದೇ ಸ್ಪೀಡಿಗೆ ನಡೀತಾರೆ ಬಿಡ್ರಿ,” ಎಂದು ಚೈತ್ರಾ ನಕ್ಕಳು.

ಶಾಲಿನಿ ಕೊಟ್ಟಿದ್ದ ದತ್ತು ಕಾಗದಕ್ಕೆ ಸಹಿಯಾಯಿತು. ಆದರೆ ನಾಯಿ ವ್ಯಾನ್ ಹತ್ತಲಿಲ್ಲ. ಬಿಸ್ಕತ್ತು ತೋರಿಸಿದರು, ಎತ್ತಲು ಹೋದರು. ಅದು ನೆಲಕ್ಕೆ ಅಂಟಿ ಕೂತು ಗುರುಗುಟ್ಟಿತು. ಗೋವಿಂದಪ್ಪ ತಲೆ ಕೆರೆದುಕೊಂಡು, “ನೀವು ಹತ್ತಿ ಕುಂತ್ಕಳ್ರಿ, ನಿಮ್ಮ ಹಿಂದೆ ಬರ್ತೈತೇನೋ,” ಎಂದ.

ದಯಾನಂದ ಹತ್ತಿ ಕುಳಿತ. ನಾಯಿ ಕೂಡಲೇ ಮುಂಗಾಲು ಇಟ್ಟು, ಕುಂಟುಗಾಲನ್ನು ಎಳೆದುಕೊಂಡು ಹತ್ತಿ, ಅವನ ತೊಡೆಗೆ ಒರಗಿ ಕೂತಿತು. ಚೈತ್ರಾ ಆ ಬದಿಯ ಬಾಗಿಲನ್ನು ಮೆಲ್ಲಗೆ ಎಳೆದಳು. ಅವನು ಅದರ ಎಡಗಿವಿಯ ಹಿಂದೆ ಕೆರೆದ. ಅದು ಕಣ್ಣು ಮುಚ್ಚಿತು. ಆಗ ಅವನು ಆಚೆ ಬದಿಯ ಬಾಗಿಲು ತೆಗೆದು, ಇಳಿದು, ಮುಚ್ಚಿದ.

ವ್ಯಾನು ಹೊರಟಾಗ ಅದು ಬೊಗಳಲಿಲ್ಲ. ಹಿಂದಿನ ಗಾಜಿಗೆ ಮೂತಿ ಒತ್ತಿ ನೋಡುತ್ತಿತ್ತು. ಎಲ್ಲಿಗೋ ಒಟ್ಟಿಗೆ ಹೋಗೋಣ ಎಂದು ಕರೆದವನು ಯಾಕೆ ಇಳಿದ ಎಂದು ಕೇಳುವಂತಿತ್ತು ಅದರ ನೋಟ. ಬೇರೆ ಏನು ಮಾಡಿದ್ದರೂ ಪರವಾಗಿಲ್ಲ, ಹತ್ತಿಸಿ ಇಳಿಯಬಾರದಿತ್ತು ಎಂದು ಅವನಿಗೆ ಬಹಳ ದಿನ ಅನಿಸುತ್ತಲೇ ಇತ್ತು.

ಚೈತ್ರಾ ಸಣ್ಣ ಸಣ್ಣ ವಿಡಿಯೋ ಕಳಿಸುತ್ತಿದ್ದಳು. ದಯಾನಂದನದು ಬಟನ್ ಫೋನು, ಹಾಗಾಗಿ ಅವು ಶಾಲಿನಿಗೆ ಬರುತ್ತಿದ್ದವು. ವಾರದ ರಜೆಯ ದಿನ ಅವನು ಹೊಳಲ್ಕೆರೆಗೆ ಹೋಗಿ, ಮೇಕೆ ಕರು ಹಿಡಿದು ನಿಂತವರ ಸಾಲಿನಲ್ಲಿ ಕಾಯುತ್ತಿದ್ದ. ಸರದಿ ಬಂದಾಗ ಶಾಲಿನಿ ಫೋನ್ ಕೊಡುತ್ತಿದ್ದಳು. ನಾಯಿಗೆ ಸುಂದ್ರಿ ಎಂದು ಹೆಸರಿಟ್ಟಿದ್ದರು. ತೆಂಗಿನ ಗರಿಯನ್ನು ಎಳೆದಾಡುತ್ತಿತ್ತು, ಗೋವಿಂದಪ್ಪನ ಚಪ್ಪಲಿ ಕಾಯುತ್ತಿತ್ತು. ಅವನು ಎರಡು ಸಲ ನೋಡಿ ಫೋನ್ ವಾಪಸ್ ಕೊಡುತ್ತಿದ್ದ.

ಸೆಪ್ಟೆಂಬರಿನಲ್ಲಿ ಒಂದೇ ವಿಡಿಯೋ ಬಂತು. ಆಮೇಲೆ ಬರಲಿಲ್ಲ.

“ಬರ್ತಿಲ್ಲ ಅಂದ್ರೆ ಚೆನ್ನಾಗೈತೆ ಅಂತ. ಕಷ್ಟ ಇದ್ರೆ ಫೋನ್ ಬರ್ತಿತ್ತು,” ಎಂದಳು ಶಾಲಿನಿ. ಆಕೆಯ ಮೇಜಿನ ಕೆಳಗೆ, ರಟ್ಟಿನ ಡಬ್ಬದಲ್ಲಿ ಇನ್ನೊಂದು ಮರಿ ಮಲಗಿತ್ತು. ಅವನು ಅದರ ಕಡೆ ನೋಡಿ, ಅವಳು ಕೇಳುವ ಮೊದಲೇ “ಈಗ ಬ್ಯಾಡ ಮೇಡಂ,” ಎಂದು ಎದ್ದು ಬಂದ. ಆಮೇಲೆ ರಜೆಯ ದಿನಗಳಲ್ಲಿ ಹೊಳಲ್ಕೆರೆಗೆ ಹೋಗುವುದನ್ನು ಬಿಟ್ಟ.

ದೀಪಾವಳಿಯ ಸಂಜೆ ಅವನು ಹೊಸ್ತಿಲಿಗೆ ಒಂದು ಹಣತೆ ಇಟ್ಟು, ಅಕ್ಕಿ ತೊಳೆಯುತ್ತಿದ್ದಾಗ ಫೋನ್ ಹೊಡೆಯಿತು. ಚೈತ್ರಾ. ಹಿಂದೆ ಪಟಾಕಿಯ ಸದ್ದು.

“ಅಣ್ಣ, ಸುಂದ್ರಿ ಮಧ್ಯಾಹ್ನದಿಂದ ರುಬ್ಬೋ ಕಲ್ಲಿನ ಸಂದಿ ಹೊಕ್ಕೈತೆ. ನೀರೂ ಕುಡೀತಿಲ್ಲ. ಕೈ ಹಾಕಿದ್ರೆ ನಡುಗ್ತೈತೆ. ನಿಮ್ಮ ಹತ್ರ ಇದ್ದಾಗ ಏನ್ ಮಾಡ್ತಿದ್ರಿ?”

“ನಾನು ಬರ್ಲೇನ್ರಿ?” ಎಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

“ಇಷ್ಟೊತ್ನಾಗೆ ಹಬ್ಬ ಬಿಟ್ಟು ಯಾಕೆ ಬರ್ತೀರಿ? ಹೇಳ್ರಿ, ನಾವೇ ಮಾಡ್ತೀವಿ.”

ದಯಾನಂದ ಹೇಳಿದ. ಹೊರಗೆ ಎಳೆಯಬಾರದು. ಪಕ್ಕದಲ್ಲಿ ನೆಲಕ್ಕೆ ಮಲಗಬೇಕು. ಎದೆಯ ಮೇಲೆ ಅಂಗೈ ಇಡಬೇಕು, ಒತ್ತಬಾರದು. ಮತ್ತೆ ಮಾತಾಡುತ್ತಲೇ ಇರಬೇಕು.

“ಏನಂತ ಮಾತಾಡ್ಲಿ?”

“ಏನಾದ್ರೂ. ಯಾವ ಸದ್ದು ಎಲ್ಲಿಂದ ಬಂತು, ಎಷ್ಟೊತ್ತಿಗೆ ನಿಲ್ತೈತೆ ಅಂತ. ನಿಲ್ಲಿಸ್ಬಾರದು, ಅಷ್ಟೆ.”

“ಆತು, ಅಪ್ಪಂಗೆ ಹೇಳ್ತೀನಿ,” ಎಂದು ಅವಳು ಫೋನ್ ಇಟ್ಟಳು.

ಅನ್ನ ಆಯಿತು. ಅವನು ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ ಕುಳಿತ. ಒಂದು ಗಾಡಿ ಹೋಯಿತು. ಮತ್ತೆ ಅರ್ಧ ಗಂಟೆಯ ಮೇಲೆ ಫೋನ್ ಹೊಡೆದಾಗ ಮೊದಲ ರಿಂಗಿಗೇ ಎತ್ತಿದ.

“ಹೊರಗೆ ಬಂತಣ್ಣ. ಅಪ್ಪ ನೆಲದ ಮೇಲೆ ಮಲ್ಕಂಡು ಲಾರಿ ಕತೆ ಹೇಳ್ತಾ ಇದ್ರು. ಈಗ ಅವರ ಹೊಟ್ಟೆ ಮೇಲೆ ತಲೆ ಇಟ್ಟು ಮಲಗೈತೆ. ಇಬ್ರೂ ಗೊರಕೆ ಹೊಡೀತಾ ಅವ್ರೆ.”

“ಒಳ್ಳೇದಾತು.”

“ನಿಮ್ಮದು ಊಟ ಆತಾ?”

ಯಾರಾದರೂ ಅವನನ್ನು ಹೀಗೆ ಕೇಳಿ ಎಷ್ಟು ದಿನವಾಗಿತ್ತೋ. “ಈಗ ಮಾಡ್ತೀನಿ ಕಣಮ್ಮ,” ಎಂದ. ಇನ್ನೇನಾದರೂ ಹೇಳಬೇಕೆಂದು ಹುಡುಕುವಷ್ಟರಲ್ಲಿ, ಆ ಕಡೆ ಯಾರೋ ಅವಳನ್ನು ಕರೆದರು. ಅವಳು ಹಬ್ಬದ ಶುಭಾಶಯ ಹೇಳಿ ಫೋನ್ ಇಟ್ಟಳು.

ಅನ್ನ ಆರಿತ್ತು. ಸಾರು ಬಿಸಿ ಮಾಡಿಕೊಂಡು ಉಂಡು, ತಟ್ಟೆ ತೊಳೆದಿಟ್ಟ. ಬೆಳಗ್ಗೆ ಆರಕ್ಕೆ ಡ್ಯೂಟಿ ಇತ್ತು.