ಕೋಸು ಕೆಟ್ಟದ್ದು ಕೈಯಿಂದಲ್ಲ

ಅಕ್ಟೋಬರ್ ಮುಗಿಯುವ ಹೊತ್ತಿಗೆ ಸರ್ಬಿಯಾದ ಮೊರಾವಾ ನದಿಯ ಆಚೀಚೆಯ ಹಳ್ಳಿಗಳಲ್ಲಿ ಎಲ್ಲರ ಅಂಗಳದಲ್ಲೂ ಎಲೆಕೋಸಿನ ರಾಶಿ ಬೀಳುತ್ತದೆ. ಅದನ್ನು ಪೀಪಾಯಿಗೆ ತುಂಬಿ, ಉಪ್ಪುನೀರು ಹೊಯ್ದು, ಹುಳಿ ಬರಲು ಬಿಡಬೇಕು. ಪೀಪಾಯಿ ಕೆಟ್ಟರೆ ಆ ಮನೆಯ ಚಳಿಗಾಲವೇ ಕೆಟ್ಟಂತೆ.

ಸ್ತಾನಿಯಾ ಅಜ್ಜಿಯ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಮುಟ್ಟಾದವಳು ಪೀಪಾಯಿಗೆ ಕೈ ಹಾಕಬಾರದು. ಹಾಕಿದರೆ ಕೋಸು ಕೊಳೆಯುತ್ತದೆ. ಅಜ್ಜಿ ವರ್ಷವೂ ಪೀಪಾಯಿಯ ಪಕ್ಕ ನಿಂತು ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಕೇಳುತ್ತಿದ್ದಳು. ಈ ಸಲ ಮೊಮ್ಮಗಳು ದುನ್ಯಾಳ ಸರದಿಯೂ ಬಂತು. ಅವಳಿಗೆ ಹದಿಮೂರು.

"ನೀನು ಹೇಗಿದ್ದೀಯೇ? ಮೈ ಸರಿಯಾಗಿದೆ ತಾನೆ?"

ಕೋಸಿನ ಚೀಲ ಹೊತ್ತ ಗ್ವೊಜ್ದೆನ್ ಚಿಕ್ಕಪ್ಪ ಆಗಲೇ ಬಾಗಿಲಲ್ಲಿ ನಿಂತಿದ್ದ. ಊರಿಗಿರುವ ಒಂದೇ ಅಂಗಡಿ ಅವನದು.

"ಸರಿಯಾಗಿದೀನಿ ಅಜ್ಜಿ," ಎಂದು ದುನ್ಯಾ ಪೀಪಾಯಿಗೆ ಕೋಸು ಇಳಿಸಿದಳು.

ತಾಯಿ ರೊಸಾಂದಾ ಕೋಸಿನ ದಂಟು ಕೊರೆಯುತ್ತಿದ್ದಳು. ಬೆಳಿಗ್ಗೆ ಮಗಳ ಹಾಸಿಗೆಯ ಕಲೆಯಾದ ಮೇಲುಹಾಸು ಬದಲಿಸಿದವಳು ಅವಳೇ. ಅವಳಿಗೆ ಗೊತ್ತಿತ್ತು. ಆದರೂ ತಲೆ ಎತ್ತಲಿಲ್ಲ.

ನವೆಂಬರ್ ಕಳೆಯುವಷ್ಟರಲ್ಲಿ ನೆಲಮಾಳಿಗೆಯಿಂದ ನಾತ ಏರಿ ಬಂತು. ಅಜ್ಜಿ ಒಂದು ಕೋಸನ್ನು ಎತ್ತಿದಳು. ಎಲೆ ಅಂಬಲಿಯಂತೆ ಬೆರಳಿಗೆ ಅಂಟಿಕೊಂಡಿತು.

"ಯಾರೋ ನನ್ನ ಮುಖಕ್ಕೇ ಸುಳ್ಳು ಹೇಳಿದ್ದಾರೆ," ಎಂದಳು. ಹೇಳುವಾಗ ಸೊಸೆ ರೊಸಾಂದಾಳ ಕಡೆ ನೋಡಲಿಲ್ಲ, ದುನ್ಯಾಳನ್ನು ನೋಡಿದಳು. "ಇಡೀ ಮನೆಯ ಬಾಯಿಗೆ ಮಣ್ಣು ಹಾಕಿಬಿಟ್ಟರು."

ದುನ್ಯಾಳ ಮುಖ ಬಿಳಿಚಿತು. ರೊಸಾಂದಾ ಒಲೆಗೆ ಕಟ್ಟಿಗೆ ತುಂಬುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಒಲೆಯಲ್ಲಿ ಕಟ್ಟಿಗೆ ಬೇಕಾದಷ್ಟಿತ್ತು.

ಮರುತಿಂಗಳು ಮುಟ್ಟಾದಾಗ ದುನ್ಯಾ ಯಾರಿಗೂ ಏನೂ ಹೇಳಲಿಲ್ಲ. ಅಡುಗೆಮನೆಗೆ ಬರುವುದನ್ನು ಬಿಟ್ಟಳು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಬಾಗಿ ನಡೆಯುವುದನ್ನು ಕಂಡ ಅಜ್ಜಿ, "ತಣ್ಣನೆ ಮೆಟ್ಟಿಲ ಮೇಲೆ ಕೂತಿರ್ತಾಳೆ. ಶೀತ ಒಳಗೆ ಇಳಿದಿದೆ. ಸ್ನಾನ ಮಾಡ್ಬೇಡ, ತಲೆಗೆ ನೀರು ಹಾಕ್ಬೇಡ, ಸುಮ್ಮನೆ ಮಲಕ್ಕೋ," ಎಂದಳು. ದುನ್ಯಾ ಮಲಗಿದಳು. ಜ್ವರ ಬಂತು. ಇಳಿದ ಜ್ವರ ಮತ್ತೆ ಏರಿತು.

ಎದುರು ಮನೆಯ ಬಾಣಂತಿಯನ್ನು ನೋಡಲು ಆರೋಗ್ಯ ಕೇಂದ್ರದ ನರ್ಸ್ ಲೆಪೊಸಾವಾ ಬಂದಿದ್ದಳು. ರೊಸಾಂದಾ ಗೇಟಿನ ಬಳಿ ಕಾದು ನಿಂತಳು. ಮೊದಲು ಹಿಮ ಬೀಳಬಹುದು ಎಂದಳು. ಆಮೇಲೆ ಕೋಳಿಗಳ ವಿಷಯ ತೆಗೆದಳು.

"ರೊಸಾಂದಾ, ಕೋಳಿಗೆ ಹುಷಾರಿಲ್ಲ ಅಂದ್ರೆ ದನದ ಡಾಕ್ಟರ್ ಹತ್ರ ಹೋಗು. ನಂಗೆ ಏನು ಹೇಳ್ಬೇಕು ಅಂತ ನಿಂತಿದ್ದೀ ಅದನ್ನ ಹೇಳು."

"ಮಗಳಿಗೆ ಜ್ವರ. ಅದು... ಆ ದಿನಗಳಲ್ಲೇ ಶುರುವಾಯ್ತು." ಇಷ್ಟು ಹೇಳುವಾಗ ಅವಳ ಕಿವಿ ಕೆಂಪಾಗಿತ್ತು.

ಲೆಪೊಸಾವಾ ಒಳಗೆ ಬಂದು ಹುಡುಗಿಯ ಪಕ್ಕ ಕೂತಳು. "ಉಚ್ಚೆ ಹೊಯ್ಯುವಾಗ ಉರಿಯುತ್ತಾ?"

ದುನ್ಯಾ ಗೋಡೆ ಕಡೆ ತಿರುಗಿ ಹೌದೆಂದು ತಲೆಯಾಡಿಸಿದಳು.

"ನೀರು ಕುಡೀತೀಯಾ?"

"ಕುಡಿದ್ರೆ ಹೋಗ್ಬೇಕಾಗತ್ತೆ. ಸ್ಕೂಲಲ್ಲಿ ಪಾಯಿಖಾನೆಗೆ ಚಿಲಕ ಇಲ್ಲ."

"ಪ್ಯಾಡ್ ಯಾವಾಗ ಬದಲಾಯಿಸ್ತೀ?"

"ಬೆಳಿಗ್ಗೆ ಒಂದು. ಮಲಗೋವಾಗ ಒಂದು. ಇರೋದು ಸಾಲ್ಬೇಕಲ್ಲ. ಚಿಕ್ಕಪ್ಪನ ಅಂಗಡಿಗೆ ಹೋದ್ರೆ ಅವರು ಪೇಪರಲ್ಲಿ ಸುತ್ತಿ ಕೊಟ್ಟು, ಆಚೆ ಕೂತಿರೋರ ಕಡೆ ನೋಡಿ ನಗ್ತಾರೆ."

"ಅಮ್ಮನ್ನ ಕೇಳ್ಬೋದಿತ್ತಲ್ಲ ಮಗಾ?"

"ಅಮ್ಮ ಯಾರಿಗೂ ಹೇಳ್ಬೇಡ ಅಂದಿದ್ರು." ದುನ್ಯಾ ಗೋಡೆಗೇ ಮಾತಾಡುತ್ತಿದ್ದಳು. "ಮೊದಲೇ ಕೋಸೆಲ್ಲ ನನ್ನಿಂದ ಹಾಳಾಯ್ತು."

ರೊಸಾಂದಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಹೌದು, ಹಾಗೇ ಹೇಳಿದ್ದಳು. ಮೊದಲ ಸಲ ಮಗಳು ಅಳುತ್ತಾ ಬಂದಾಗ ಒಂದು ಪೊಟ್ಟಣ ಕೈಗಿಟ್ಟು, ಯಾರಿಗೂ ಹೇಳಬೇಡ ಎಂದಿದ್ದಳು. ಅದು ಬಿಟ್ಟು ಬೇರೆ ಏನನ್ನೂ ಕಲಿಸಿರಲಿಲ್ಲ. ಮಗಳು ಹೇಳಿದಂತೆ ಕೇಳಿದ್ದಳು, ಅಷ್ಟೆ.

ಆ ಮಧ್ಯಾಹ್ನವೇ ಹುಡುಗಿಯನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು. ಮೂತ್ರದ ಸೋಂಕು ಎಂದರು ಡಾಕ್ಟರು. ಇನ್ನೂ ತಡ ಮಾಡಿದ್ದರೆ ಮೂತ್ರಪಿಂಡಕ್ಕೆ ಏರುತ್ತಿತ್ತು ಎಂದು ಔಷಧಿ ಬರೆದುಕೊಟ್ಟರು. ಒಂದೇ ಪ್ಯಾಡಿನಲ್ಲಿ ದಿನವೆಲ್ಲ ಕಳೆದು ತೊಡೆಸಂದಿಯ ಚರ್ಮ ಸುಲಿದಿತ್ತು. ಅದಕ್ಕೂ ಮುಲಾಮು ಕೊಟ್ಟರು.

ಲೆಪೊಸಾವಾ ಅವರನ್ನು ಮನೆಗೆ ಬಿಡಲು ಬಂದಾಗ ಸ್ತಾನಿಯಾ ಅಜ್ಜಿ ಮೇಜಿನ ಮೇಲೆ ಕಾಫಿ ಇಟ್ಟಳು. ಮುಖ ಮಾತ್ರ ಗಂಟಿಕ್ಕಿತ್ತು.

"ನೀವು ಓದಿದೋರು ಏನು ಬೇಕಾದ್ರೂ ಹೇಳ್ತೀರಿ. ಕೋಸು ಕೊಳೆತದ್ದು ಸುಳ್ಳಾ?"

"ಕೊಳೆತದ್ದು ನಿಜ ಅಜ್ಜಿ. ಕೋಸಿಗೇನು ಕಣ್ಣಿದೆಯಾ, ಯಾರ ಕೈ ಅಂತ ನೋಡೋಕೆ? ಪೀಪಾಯಿ ಎಲ್ಲಿಟ್ರಿ?"

"ಯಾವಾಗಲೂ ಇಡೋ ಜಾಗದಲ್ಲೇ. ನೆಲಮಾಳಿಗೇಲಿ."

"ಮನೆ ಬೆಚ್ಚಗಿಡೋಕೆ ಹೊಸ ಬಾಯ್ಲರ್ ಹಾಕ್ಸಿದ್ದಾರಲ್ಲ ನಿಮ್ಮ ಮಗ, ಅದೆಲ್ಲಿದೆ?"

ಅಜ್ಜಿ ಕಾಫಿ ಲೋಟವನ್ನು ತಿರುಗಿಸಿದಳು. "ಅಲ್ಲೇ. ಪೀಪಾಯಿ ಪಕ್ಕ."

"ಉಪ್ಪು?"

"ನನ್ನ ಬಿಪಿಗೆ ಡಾಕ್ಟರು ಉಪ್ಪು ಕಮ್ಮಿ ಮಾಡು ಅಂದಿದ್ರು. ಅದಕ್ಕೆ ಅರ್ಧ ಹಾಕ್ದೆ."

"ಉಪ್ಪು ಅರ್ಧ, ಪಕ್ಕದಲ್ಲಿ ಬೆಂಕಿ. ಕೊಳೀದೆ ಇನ್ನೇನಾಗತ್ತೆ? ಆಸ್ಪತ್ರೇಲಿ ನಾವು ತಿಂಗಳಿಡೀ ಸೂಜಿ ಚುಚ್ತೀವಿ, ಗಾಯ ಕಟ್ತೀವಿ. ಆ ದಿನಗಳಲ್ಲಿ ನಮ್ಮ ಕೈ ಕೊಳಕು ಅಂತಿದ್ರೆ ಊರಲ್ಲಿ ಒಬ್ರೂ ಉಳೀತಿರಲಿಲ್ಲ."

ಪಕ್ಕದ ಕೋಣೆಯಿಂದ ದುನ್ಯಾಳ ಕೆಮ್ಮು ಕೇಳಿಸಿತು.

"ಹಾಗಾದ್ರೆ ಅವಳಿಗೆ ಸ್ನಾನ ಮಾಡಿಸ್ಬೋದಾ?" ಎಂದು ಅಜ್ಜಿಯೇ ಕೇಳಿದಳು, ತಗ್ಗಿದ ದನಿಯಲ್ಲಿ.

"ದಿನಾ ಮಾಡಿಸಿ. ಬಿಸಿನೀರಲ್ಲಿ, ತಲೆಗೂ ಹಾಕಿ. ಮೈ ಸಡಿಲಾಗಿ ನೋವು ಇಳಿಯತ್ತೆ. ಕೆಳಗೆ ಬರೀ ನೀರಲ್ಲಿ ತೊಳೀಲಿ, ಮುಂದಿನಿಂದ ಹಿಂದಕ್ಕೆ. ಪ್ಯಾಡ್ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸ್ಲಿ, ಬಟ್ಟೆ ಆದ್ರೆ ಒಗೆದು ಬಿಸಿಲಲ್ಲೇ ಒಣಗಿಸ್ಲಿ. ಹೊಟ್ಟೆ ಹಿಂಡಿದ್ರೆ ಬಿಸಿನೀರಿನ ಚೀಲ ಟವೆಲಲ್ಲಿ ಸುತ್ತಿ ಹೊಟ್ಟೆ ಮೇಲಿಡಿ."

"ರಾಕಿಯಾ ಒಂದು ಗುಟುಕು ಕೊಟ್ರೆ? ನಮ್ಮ ಕಾಲದಲ್ಲಿ ಅದೇ ಔಷಧಿ."

"ಸಾರಾಯಿ ನೀವೇ ಕುಡೀರಿ ಅಜ್ಜಿ, ಮಗೂಗೆ ಬಿಸಿ ಸೂಪು ಕೊಡಿ. ಬೀನ್ಸ್ ಕಾಳು, ಮೊಟ್ಟೆ, ಸೊಪ್ಪು ತಿನ್ನಿಸಿ, ರಕ್ತ ಹೋಗತ್ತಲ್ಲ. ನೀರು ಚೆನ್ನಾಗಿ ಕುಡೀಲಿ, ಬಂದ್ರೆ ತಡಕೊಳ್ಬಾರ್ದು. ನಡೆಯೋಕಾದ್ರೆ ಸ್ವಲ್ಪ ನಡೀಲಿ, ಬೇಗ ಮಲಗ್ಲಿ. ಇಷ್ಟು ಮಾಡಿದ್ಮೇಲೂ ಸ್ಕೂಲಿಗೆ ಹೋಗೋಕಾಗದಷ್ಟು ನೋವಿದ್ರೆ, ಪ್ಯಾಡ್ ಗಂಟೆ ಗಂಟೆಗೂ ತುಂಬಿದ್ರೆ, ಜ್ವರ ಬಂದ್ರೆ, ಮನೆಮದ್ದು ಸಾಕು ಮಾಡಿ ಡಾಕ್ಟರ ಹತ್ರ ಬನ್ನಿ."

ಅಜ್ಜಿ ಎದ್ದು ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ಒಲೆಯ ಮೇಲಿಟ್ಟಳು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಹೆಂಗಸಲ್ಲ ಅವಳು. ಸೊಸೆಗೆ ಬೆನ್ನು ಹಾಕಿಯೇ, "ಗ್ವೊಜ್ದೆನ್ ಇನ್ನೂ ಬಾಗಿಲು ಹಾಕಿರಲ್ಲ. ಹೋಗಿ ತಾ," ಎಂದಳು.

ಅಂಗಡಿಯ ಮುಂದಿನ ಬೆಂಚಿನಲ್ಲಿ ಗಂಡಸರು ಬಿಯರ್ ಹಿಡಿದು ಕೂತಿದ್ದರು. ರೊಸಾಂದಾ ಇಷ್ಟು ವರ್ಷ ಸಕ್ಕರೆ, ಎಣ್ಣೆ ಎಂದು ಏನೇನೋ ಕೊಂಡು, ಕೊನೆಗೆ ಕಣ್ಣಲ್ಲೇ ಆ ಪೊಟ್ಟಣ ತೋರಿಸುತ್ತಿದ್ದಳು.

"ಪ್ಯಾಡ್ ಕೊಡು ಗ್ವೊಜ್ದೆನ್. ನಾಲ್ಕು ಪೊಟ್ಟಣ. ದುನ್ಯಾಗೆ."

ಅವನು ಹಳೆಯ ಪೇಪರಿಗೆ ಕೈ ಚಾಚಿದ.

"ಸುತ್ತಬೇಡ. ಇನ್ನೊಂದು ಮಾತು. ಅವಳು ಬಂದಾಗ ನಗಬೇಡ. ನೀನು ನಕ್ಕಿದ್ದಕ್ಕೆ ನನ್ನ ಮಗಳು ಆಸ್ಪತ್ರೆ ನೋಡಿ ಬಂದ್ಳು."

ಗ್ವೊಜ್ದೆನ್ ಚಿಲ್ಲರೆ ಎಣಿಸುತ್ತಾ ತಲೆ ತಗ್ಗಿಸಿದ. ರೊಸಾಂದಾಳ ಮುಖ ಉರಿಯುತ್ತಿತ್ತು, ಮನೆ ತಲುಪುವವರೆಗೂ ಉರಿಯಿತು. ನಾಚಿಕೆ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ನಾಚಿಕೆಯನ್ನು ಇಟ್ಟುಕೊಂಡೇ ಹೋಗಿ ತರಬಹುದು ಎಂಬುದು ಮಾತ್ರ ಅವಳಿಗೆ ಅಂದು ತಿಳಿಯಿತು.

ಅಜ್ಜಿ ಮೊಮ್ಮಗಳ ತಲೆಗೆ ನೀರು ಹೊಯ್ದು ಒರೆಸುತ್ತಿದ್ದಳು. ರೊಸಾಂದಾ ಪೊಟ್ಟಣಗಳನ್ನು ಹಾಸಿಗೆಯ ಮೇಲಿಟ್ಟಳು.

"ಆವತ್ತು ಕೋಸು ತುಂಬೋವಾಗ ನಂಗೆ ಗೊತ್ತಿತ್ತು ದುನ್ಯಾ. ಗೊತ್ತಿದ್ದೂ ಸುಮ್ಮನಿದ್ದೆ."

"ನಂಗೂ ಗೊತ್ತಿತ್ತು ಅಮ್ಮ, ನಿಂಗೆ ಗೊತ್ತು ಅಂತ," ಎಂದಳು ಮಗಳು.

ಓದುತ್ತಿರುವ ತಾಯಂದಿರೇ, ಅಜ್ಜಿಯರೇ, ಅಪ್ಪಂದಿರೇ, ನಿಮ್ಮ ಮನೆಯಲ್ಲಿ ಕೋಸಿನ ಪೀಪಾಯಿ ಇಲ್ಲದಿರಬಹುದು, ಉಪ್ಪಿನಕಾಯಿ ಭರಣಿ ಇದ್ದೀತು. ಭರಣಿ ಕೆಟ್ಟರೆ ಇನ್ನೊಂದು ತುಂಬಿಸಬಹುದು. ಇವತ್ತು ಸಂಜೆ ಮಗಳ ಪಕ್ಕ ಕೂತು ಕೇಳಿ: ಪ್ಯಾಡ್ ಇದೆಯಾ, ನೀರು ಕುಡಿದೆಯಾ, ಎಲ್ಲಾದರೂ ನೋಯುತ್ತಾ ಎಂದು. ಅವಳು ಏನೂ ಇಲ್ಲ ಅಂದರೆ, ಅಷ್ಟಕ್ಕೇ ಎದ್ದು ಹೋಗಬೇಡಿ.