ಜವರಯ್ಯನಿಗೆ ಬಂದ ಅಪ್ಪಣೆ

ಕೆಚ್ಚಲು ತೊಳೆದು ಎರಡು ಮೊಲೆ ಹಿಂಡಿ ಮುಗಿಸುವಷ್ಟರಲ್ಲಿ ಕೊಟ್ಟಿಗೆಯ ಬಾಗಿಲಲ್ಲಿ ನೆರಳು ಬಿತ್ತು. ಪ್ರಿಯಾಂಕ ಕೈ ನಿಲ್ಲಿಸಿದಳು. ಹಸು ತಲೆ ತಿರುಗಿಸಿ, ಯಾಕೆ ನಿಂತಿತು ಎಂಬಂತೆ ನೋಡಿತು. ಮಾವ ಜವರಯ್ಯನ ಹೆಣ ನಡುಮನೆಯಲ್ಲಿತ್ತು. ಸಾವಿನ ಮನೆ ಎಂದು ಹಸುವಿಗೆ ಗೊತ್ತೇ? ಹಿಂಡದೆ ಬಿಟ್ಟರೆ ಅದಕ್ಕೂ ನೋವು ಎಂದು ಅವಳೇ ಬಂದು ಕುಕ್ಕರುಗಾಲಲ್ಲಿ ಕೂತಿದ್ದಳು.

"ಸ್ತೋತ್ರ, ಸಿಸ್ಟರ್," ಎಂದರು ಪಾಸ್ಟರ್ ದಿಲೀಪ್. "ಹನ್ನೆರಡೂವರೆಗೆ ಎತ್ತೋಣ ಅಂತ ನಿಮ್ಮ ಯಜಮಾನ್ರು ಕುಮಾರ್ ಹೇಳಿದ್ರು. ಗುಂಡಿ ಹತ್ರ ಹಾಡು ನೀವೇ ಎತ್ತಿಕೊಡಬೇಕು."

"ಬ್ಯಾರೆ ಯಾರಾದ್ರೂ ಎತ್ಲಿ ಬುಡಿ ಪಾಸ್ಟರ್."

"ಬೇರೆ ಯಾರಿದ್ದಾರೆ? ಸಭೆಯ ಹಾಡಿಗೆ ಮುಂದಾಳು ನೀವು. ನಾನು ಅವರ ವಿಷಯವಾಗಿ ಸಾಕ್ಷಿ ಹೇಳ್ತೀನಿ. ಮೂವತ್ತು ವರ್ಷ ಹಾಡು ಎತ್ತಿದ ಮನುಷ್ಯ, ದೇವರು ಸಾಕು ಅಂದ ಕೂಡಲೆ ಸೊಸೆಗೆ ಜಾಗ ಬಿಟ್ಟು ಹಿಂದಿನ ಚಾಪೇಲಿ ಕೂತ. ಅಂಥ ತಗ್ಗಿದ ಮನಸ್ಸು ಎಲ್ಲಿ ಸಿಗುತ್ತೆ?"

ಅವಳ ಕೈಯಲ್ಲಿದ್ದ ಚೊಂಬು ವಾಲಿತು. "ದೇವ್ರು ಎಲ್ಲಂದ್ರು? ನಾನು ಅಂದೆ. ನೀವು ದೇವ್ರ ಹೆಸ್ರಲ್ಲಿ ಹೇಳುದ್ರಿ."

ದಿಲೀಪ್ ಒಮ್ಮೆ ಹಿಂದೆ ತಿರುಗಿ ನೋಡಿದರು. "ಮೆಲ್ಲಗೆ, ಸಿಸ್ಟರ್. ಸಭೆಯ ಒಳ್ಳೇದಕ್ಕೆ ತಾನೆ ಹೇಳಿದ್ದು? ಕುಮಾರ್‌ಗೆ ಗೊತ್ತಾ?"

"ಇಲ್ಲ."

"ಮತ್ತೆ ಇವತ್ತು, ಹೆಣದ ಮುಂದೆ, ಯಾಕೆ ಕೆದಕೋದು?"

ಅವರು ಹೋದ ಮೇಲೆ ಎದ್ದವಳಿಗೆ ಹುಲ್ಲಿನ ಮರೆಯಲ್ಲಿ ಮಗಳು ಕಂಡಳು. ಒಂಬತ್ತು ವರ್ಷದ ಸಹನ, ಮನೆಯವರ ಚಿನ್ನು. ಹಾಲು ಸೋಸುವ ಜರಡಿ ತಂದು ಹಾಗೇ ನಿಂತಿದ್ದಳು.

"ಯಾವಾಗ್ ಬಂದೆ?"

"ಅವಾಗ್ಲೆ. ಅಮ್ಮ, ತಾತ..."

"ಓಗು, ದೇವಲಾಪುರದ ಅಜ್ಜಿ ಬಂದ್ರಾ ನೋಡೋಗು."

* * *

ಜವರಯ್ಯನಿಗೆ ಓದು ಬರುತ್ತಿರಲಿಲ್ಲ. ಆದರೆ ನೂರಾರು ಕೀರ್ತನೆಗಳು ಬಾಯಲ್ಲಿದ್ದವು. ಶೀಳನೆರೆಯಿಂದ ಎರಡು ಮೈಲಿ ಆಚೆ, ಕಬ್ಬಿನ ಗದ್ದೆಗಳ ನಡುವೆ ಶೀಟು ಹೊದಿಸಿದ ಪ್ರಾರ್ಥನಾ ಮನೆ. ಅಲ್ಲಿ ಅವನು ಹಾಡು ಎತ್ತುವ ಕ್ರಮವೇ ಬೇರೆ. ಪ್ರತಿ ಹಾಡಿಗೂ ಮೊದಲು ಮೊಣಕಾಲೂರಿ, ಕಣ್ಣು ಮುಚ್ಚಿ ಕಾಯುತ್ತಿದ್ದ. "ಅಪ್ಪಣೆ ಬರ್ಲಿ" ಎನ್ನುತ್ತಿದ್ದ. ಒಂದೊಂದು ದಿನ ಹತ್ತು ಎಣಿಸುವಷ್ಟರಲ್ಲಿ ಅಪ್ಪಣೆ ಬರುತ್ತಿತ್ತು. ಒಂದೊಂದು ದಿನ ತೊಡೆಯ ಮೇಲಿನ ಕೂಸುಗಳು ನಿದ್ದೆ ಹೋಗುವಷ್ಟು ತಡವಾಗುತ್ತಿತ್ತು. ಕೊನೆಗೆ ಹಾಡು ಎದ್ದಾಗ ಯಾವುದೋ ಮೂಲೆಯಲ್ಲಿ ಯಾರೋ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ತಮಗೆಂದೇ ಬಂದ ಹಾಡು ಎಂದು ಅವರಿಗೆ ಅನಿಸುತ್ತಿತ್ತು.

ಸೊಸೆಯಾಗಿ ಬಂದ ಪ್ರಿಯಾಂಕ ಹಾಡು ಕಲಿತದ್ದು ಅವನಿಂದಲೇ. ಅವಳು ರಾಗಿ ಹಸನು ಮಾಡುತ್ತಿದ್ದರೆ ಅವನು ಜಗಲಿಯಲ್ಲಿ ಕೂತು ಒಂದೊಂದೇ ಸಾಲು ಹೇಳಿಕೊಡುತ್ತಿದ್ದ. ಕಾಯುವುದನ್ನು ಮಾತ್ರ ಅವಳು ಕಲಿಯಲಿಲ್ಲ.

ಆಮೇಲೆ ಸಭೆಗೆ ಕೀಬೋರ್ಡು ಬಂತು. ಆರಾಧನೆ ಮೊಬೈಲಿನಲ್ಲಿ ಲೈವ್ ಹೋಗತೊಡಗಿತು. ಮುದುಕನೊಬ್ಬ ಐದು ನಿಮಿಷ ಕಣ್ಣು ಮುಚ್ಚಿ ಕೂತರೆ ನೋಡುತ್ತಿದ್ದವರು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಪಾಂಡವಪುರದಲ್ಲಿ ದೊಡ್ಡ ಕೂಟ. ಹೊರಗಿನ ಬೋಧಕರು, ಐನೂರು ಜನ. ಜವರಯ್ಯನನ್ನು ವೇದಿಕೆಗೆ ಕರೆದರು. ಅವನು ಮೊಣಕಾಲೂರಿದ. ಮೈಕು ಸುಮ್ಮನೆ ಗುಯ್‌ಗುಟ್ಟುತ್ತಿತ್ತು. ಮೂರು ನಿಮಿಷವಾಯಿತು, ಐದಾಯಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಜವರಯ್ಯ ಎದ್ದು, "ಅಪ್ಪಣೆ ಬರ್ನಿಲ್ಲ, ಕ್ಷಮ್ಸಿ" ಎಂದು ಮೈಕಿನಲ್ಲೇ ಹೇಳಿ, ಮೆಟ್ಟಿಲಿಳಿದು ಬಂದುಬಿಟ್ಟ.

ಪ್ರಿಯಾಂಕಳಿಗೆ ನೆಲ ಬಾಯಿಬಿಡಬಾರದೆ ಅನಿಸಿತು. ಅವಳೇ ಎದ್ದು ಹೋಗಿ ಮೈಕು ಹಿಡಿದು ಜೋರಾದ ಹಾಡೊಂದನ್ನು ಎತ್ತಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಬರುವಾಗಲೂ ಆ ಚಪ್ಪಾಳೆ ಕಿವಿಯಲ್ಲಿತ್ತು. ಎರಡು ದಿನ ಕಳೆದು ಪಾಸ್ಟರ ಮನೆಗೆ ಹೋಗಿ ಹೇಳಿದಳು:

"ನಾವು ಹೇಳುದ್ರೆ ಮಾವಂಗೆ ನೋವಾಯ್ತದೆ. ದೇವ್ರೇ ಸಾಕು ಅಂದವ್ರೆ ಅಂತ ನೀವು ಹೇಳ್ಬುಡಿ. ಅದಾದ್ರೆ ತಲೆ ಮ್ಯಾಲೆ ಹೊತ್ಕೋತಾರೆ."

* * *

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಶಾಮಿಯಾನದ ಕೆಳಗೆ ಜನ ತುಂಬಿದ್ದರು. ಜವರಯ್ಯನ ಅಕ್ಕ ದ್ಯಾವಮ್ಮ ದೇವಲಾಪುರದಿಂದ ಬಂದವಳೇ ತಮ್ಮನ ಮುಖ ಸವರಿ ಸವರಿ ಅತ್ತಳು. ಅಳು ಬತ್ತಿದ ಮೇಲೆ, ಎಲೆ ಅಡಿಕೆ ಚೀಲ ಬಿಚ್ಚುತ್ತ, ಸಭೆಯ ಹಿರಿಯ ಹೊನ್ನಪ್ಪನ ಮೇಲೆ ತಿರುಗಿಬಿದ್ದಳು.

"ಅಲ್ಲ ಕಣ್ಲಾ ಹೊನ್ನಪ್ಪ, ನಿಮ್ ದೇವ್ರ ತಾವ ಸೇರ್ಕಂಡು ಬೀಡಿ ಬುಟ್ಟ, ಒಳ್ಳೇದಾಯ್ತು ಅಂದ್ಕಂಡೆ. ಹಾಡ್ನೂ ಯಾಕ್ಲಾ ಬುಡ್ಸುದ್ರಿ?"

"ನಾವೆಲ್ಲವ್ವ ಬುಡ್ಸುದ್ವಿ? ಮ್ಯಾಗ್ಲಿಂದ ಅಪ್ಪಣೆ ಆಯ್ತು ಅಂತ ಅವ್ನೇ ಅಂದ."

"ಮ್ಯಾಗ್ಲಿಂದ ಅಂದದ್ದು ನಿಂಗೂ ಕೇಳುಸ್ತಾ?"

"ನಂಗೆ ಒಲೆ ಮುಂದಿಂದ ನಮ್ಮೋಳು ಕೂಗುದ್ರೇ ಕೇಳ್ಸಾಕಿಲ್ಲ. ಇನ್ನು ಅದು ಕೇಳ್ಸುತ್ತಾ?"

ಸಾವಿನ ಮನೆ ಎಂಬುದನ್ನು ಮರೆತು ನಾಲ್ಕು ಜನ ನಕ್ಕರು. ದ್ಯಾವಮ್ಮ ನಗಲಿಲ್ಲ.

"ಓದ್ ವರ್ಸ ಮೊಮ್ಮಗ್ಳ ಮದ್ವೇಲಿ, ಒಂದೇ ಒಂದು ಪದ ಹೇಳ್ಲಾ ಅಂತ ಗಲ್ಲ ಹಿಡ್ಕಂಡು ಕೇಳ್ದೆ. ನಂಗೆ ಕೈ ಮುಗ್ದ್ಬುಟ್ಟ. ಒಡಹುಟ್ಟಿದೋಳಿಗೆ ಕೈ ಮುಗಿಯೋದಾ? 'ಬ್ಯಾಡ ಅಂದವ್ರೆ ಕಣಕ್ಕ' ಅಂದ. ಅದ್ಯಾವ ದೇವ್ರವ್ವ, ಕೊಟ್ಟ ದನೀನ ಬ್ಯಾಡ ಅನ್ನೋನು? ನೀನಾದ್ರೂ ಯೋಳು," ಎಂದು ಪ್ರಿಯಾಂಕಳ ಕಡೆ ನೋಡಿದಳು.

ಪಕ್ಕದ ಮನೆಯ ಮಂಗಳಮ್ಮ ಕಳಿಸಿದ ಕಾಫಿಯನ್ನು ಲೋಟಕ್ಕೆ ಬಗ್ಗಿಸುತ್ತಿದ್ದ ಪ್ರಿಯಾಂಕ ಇನ್ನೊಂದು ಲೋಟ ಎಳೆದುಕೊಂಡಳು. ಚಿನ್ನು ಬಂದು ಅವಳ ಸೆರಗು ಹಿಡಿದಳು.

"ಅಮ್ಮ, ಒಂದು ಕೇಳ್ಲಾ?"

"ಆಮ್ಯಾಕೆ. ಅಜ್ಜಿಗೆ ಕಾಫಿ ಕೊಡು."

"ಆಮ್ಯಾಕೆ ಅಂದ್ರೆ ಯಾವಾಗ?"

"ಚಿನ್ನು, ಸುಮ್ಕೆ ಕೊಡ್ತೀಯಾ ಇಲ್ವಾ?"

ಮಗಳು ಲೋಟ ತೆಗೆದುಕೊಂಡಳು. ಆದರೆ ಹೋಗುವಾಗ ಅಮ್ಮನ ಮುಖದಿಂದ ಕಣ್ಣು ತೆಗೆಯಲಿಲ್ಲ. ಕಾಫಿ ತುಳುಕಿ ಅವಳ ಬೆರಳ ಮೇಲೆ ಬಿತ್ತು.

* * *

ಪಾಸ್ಟರ್ ಬಂದು ಹೇಳಿದ ದಿನ ಜವರಯ್ಯ ಹಿತ್ತಿಲಲ್ಲಿ ಹಸುವಿಗೆ ಸೀಮೆಹುಲ್ಲು ಕತ್ತರಿಸುತ್ತಿದ್ದ. ಕೇಳಿ ಮುಗಿಸಿ, ಕುಡುಗೋಲನ್ನು ನಿಧಾನವಾಗಿ ಕೆಳಗಿಟ್ಟು ಒಂದೇ ಮಾತು ಕೇಳಿದ:

"ಅಪ್ಪಣೆ ನಿಮ್ಗೆ ಆಯ್ತಾ ಅಯ್ಯನೋರೆ?"

"ಆಯ್ತು."

"ಅಂಗಾರೆ ಸರಿ."

ಯಾಕೆ ಎಂದು ಕೇಳಲಿಲ್ಲ. ತನಗೇ ಯಾಕೆ ಹೇಳಲಿಲ್ಲ ಎಂದೂ ಕೇಳಲಿಲ್ಲ. ಅವತ್ತು ಸಂಜೆ, ಆಗ ಐದು ವರ್ಷದ ಚಿನ್ನು ಎಂದಿನಂತೆ ಅವನ ತೊಡೆ ಏರಿ, "ತಾತ, ಪದ" ಎಂದಿತು. ಜವರಯ್ಯ ಬಾಯಿ ತೆರೆದವನು ಹಾಗೇ ಮುಚ್ಚಿದ.

"ದೇವ್ರು ಸಾಕು ಅಂದವ್ರೆ ಕಣ್ ಮಗ."

"ಮನೇಲೂನಾ?"

"ಸಾಕು ಅಂದ್ರೆ ಸಾಕಲ್ವಾ."

ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ಪ್ರಿಯಾಂಕ ಬೆಚ್ಚಿದಳು. ಅವಳು ಕೇಳಿಕೊಂಡದ್ದು ಸಭೆಯ ಮಾತು. ಮನೆಯಲ್ಲಿ, ಮಗುವಿನ ಮುಂದೆ, ಗದ್ದೆಯ ಬದುವಿನ ಮೇಲೆ ಹಾಡಬಾರದು ಎಂದು ಯಾರು ಅಂದಿದ್ದರು? 'ಸಭೇಲಿ ಮಾತ್ರ ಮಾವ, ಮನೇಲಿ ಹಾಡಿ' ಎನ್ನಲು ಬಾಯಿಗೆ ಬಂತು. ಆದರೆ ದೇವರು ಎಷ್ಟು ಹೇಳಿದರು, ಎಲ್ಲಿಗೆ ನಿಲ್ಲಿಸಿದರು ಎಂಬುದು ನಿನಗೆ ಹೇಗೆ ಗೊತ್ತವ್ವ ಎಂದರೆ? ನಾಳೆ ಹೇಳಿದರಾಯಿತು ಅಂದುಕೊಂಡಳು. ಮುದ್ದೆ ತಳ ಹಿಡಿಯಿತು.

ಆ ನಾಳೆ ನಾಲ್ಕು ವರ್ಷ ಬರಲಿಲ್ಲ. ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಪ್ರಾರ್ಥನಾ ಮನೆಯ ಕಸ ಹೊಡೆದು ಚಾಪೆ ಹಾಸುತ್ತಿದ್ದವನು ಜವರಯ್ಯ. ಸೊಸೆ ನಿಲ್ಲುವ ಕಡೆ ಮೈಕಿನ ವೈರು ಕಾಲಿಗೆ ತೊಡರದಂತೆ ಸರಿಸಿಡುತ್ತಿದ್ದವನೂ ಅವನೇ. ಆಮೇಲೆ ಬಾಗಿಲ ಬಳಿ, ಚಪ್ಪಲಿಗಳ ಪಕ್ಕದ ಚಾಪೆಯಲ್ಲಿ ಕೂರುತ್ತಿದ್ದ. ಹಾಡು ಶುರುವಾದರೆ ತುಟಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಚಿನ್ನು ಮಾತ್ರ ಆಗಾಗ ತಾತನ ಬಾಯಿಗೆ ಕಿವಿಯಿಟ್ಟು ನೋಡುತ್ತಿದ್ದಳು. ಮುಂದೆ ನಿಂತು ಹಾಡುತ್ತಿದ್ದ ಪ್ರಿಯಾಂಕಳಿಗೆ ಅದೆಲ್ಲ ಕಾಣುತ್ತಿತ್ತು. ಕಂಡಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಎಷ್ಟು ಭಕ್ತಿಯಿಂದ ಹಾಡ್ತಾಳೆ ನೋಡು ಎಂದು ಜನ ಅನ್ನುತ್ತಿದ್ದರು.

* * *

ಗದ್ದೆಯ ಮೂಲೆಯಲ್ಲಿ ಗುಂಡಿ ತೆಗೆದಿದ್ದರು. ಪೆಟ್ಟಿಗೆ ಇಳಿಸಿದರು. ಪಾಸ್ಟರ್ ದಿಲೀಪ್ ಬೈಬಲ್ ಮುಚ್ಚಿ ಸಾಕ್ಷಿ ಹೇಳಿದರು. ತಗ್ಗುವುದು ಎಂದರೇನು, ವಿಧೇಯತೆ ಎಂದರೇನು ಎಂದು ಕೇಳುವವರು ಜವರಯ್ಯನನ್ನು ನೆನೆಯಲಿ ಎಂದರು. "ದೇವರು ಸಾಕು ಅಂದಾಗ ಈ ಮನುಷ್ಯ ಯಾಕೆ ಅಂತ ಕೇಳಲಿಲ್ಲ" ಎಂದಾಗ ಕುಮಾರ್ ಬಿಕ್ಕಿ ಬಿಕ್ಕಿ ಅತ್ತ. ಅಪ್ಪನ ಮೇಲಿನ ಹೆಮ್ಮೆ ಆ ಅಳುವಿನಲ್ಲಿತ್ತು.

"ಸಿಸ್ಟರ್, ಹಾಡು."

ಪ್ರಿಯಾಂಕ ಒಂದು ಹೆಜ್ಜೆ ಮುಂದೆ ಬಂದಳು. ಬಾಯಿ ತೆರೆದಳು. ಮಾವ ಕಲಿಸಿದ ಅಷ್ಟೂ ಹಾಡುಗಳಲ್ಲಿ ಒಂದರ ಮೊದಲ ಪದವೂ ಸಿಗಲಿಲ್ಲ.

"ಎತ್ತು ಪ್ರಿಯಾ," ಎಂದ ಕುಮಾರ್, ಕಣ್ಣೊರೆಸಿಕೊಳ್ಳುತ್ತ. "ಅಪ್ಪಂಗೆ ನಿನ್ ಹಾಡು ಅಂದ್ರೆ ಪ್ರಾಣ."

ಅವಳು ಹಸಿಮಣ್ಣಿನ ಮೇಲೆ ಮೊಣಕಾಲೂರಿದಳು. "ಮಾವನಂಗೇ ಕುಂತ್ಲು ನೋಡು," ಎಂದು ಹೊನ್ನಪ್ಪ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಯಾರೂ ನಗಲಿಲ್ಲ. ಕಾದರು. ಅವಳೂ ಕಾದಳು, ಬದುಕಿನಲ್ಲಿ ಮೊದಲ ಸಲ. ಕಬ್ಬಿನ ಗರಿ ಸರಸರ ಎಂದು ಸುಮ್ಮನಾಯಿತು. ಎಲ್ಲಿಂದಲೂ ಏನೂ ಬರಲಿಲ್ಲ. ದಿಲೀಪ್ ಎರಡು ಸಲ ಕೆಮ್ಮಿದರು.

ಮಣ್ಣು ಹಾಕಲು ಸಾಲಾಗಿ ನಿಂತವರ ನಡುವಿನಿಂದ ಚಿನ್ನು ಬಂದಳು. ಗುಂಡಿಯ ಅಂಚಿಗೆ ಬಂದು, ಹಿಡಿಯಷ್ಟು ಮಣ್ಣನ್ನು ಹಾಕದೆ, ಎದೆಗೆ ಒತ್ತಿ ಹಿಡಿದುಕೊಂಡಳು. ಬೆರಳ ಸಂದಿಯಿಂದ ಮಣ್ಣು ಅವಳ ಲಂಗದ ಮೇಲೆ ಉದುರುತ್ತಿತ್ತು. ಬಗ್ಗಿ ಅಮ್ಮನ ಮುಖಕ್ಕೆ ಮುಖ ತಂದು, ಆದರೆ ಗುಟ್ಟಿನ ದನಿಯಲ್ಲಲ್ಲ, ದ್ಯಾವಮ್ಮನಿಗೂ ಕುಮಾರನಿಗೂ ಕೊನೆಯ ಸಾಲಿನವರಿಗೂ ಕೇಳುವಂತೆ ಕೇಳಿದಳು:

"ಅಮ್ಮ, ತಾತಂಗೆ ಸಾಕು ಅಂದದ್ದು ದೇವ್ರಾ, ನೀನಾ?"